ಹುಡ್ ರಿವರ್‌ನಲ್ಲಿ ಒಂದು ಶನಿವಾರ: ಮಕ್ಕಳು, ಹಿರಿಯರೊಂದಿಗೆ ಬ್ರೂವರಿಗೆ ಹೋಗಿಬರುವ ಬಗೆ

ಮೊದಲ ಸಲ ಹುಡ್ ರಿವರ್‌ಗೆ ಹೊರಟ ಬೆಳಿಗ್ಗೆ, ಮಗಳಿಗೆ ಶೂ ಹಾಕುತ್ತಿದ್ದಾಗ ಮೈಸೂರಿನಿಂದ ಅಮ್ಮನ ಫೋನ್ ಬಂತು. ಎಲ್ಲಿಗೆ ಎಂದು ಕೇಳಿದರು, ನಾನು ಹಿಂದುಮುಂದು ನೋಡದೆ ನಿಜ ಹೇಳಿಬಿಟ್ಟೆ: ಬ್ರೂವರಿಗೆ, ಎಂದರೆ ಬಿಯರನ್ನು ಅಲ್ಲೇ ತಯಾರಿಸಿ ಊಟದ ಜೊತೆ ಬಡಿಸುವ ಜಾಗಕ್ಕೆ. "ಅಲ್ಲವೋ, ಎಳೆಯ ಮಗುವನ್ನು ಕಟ್ಟಿಕೊಂಡು ಹೆಂಡದಂಗಡಿಗೆ ಹೋಗುತ್ತಿದ್ದೀಯಾ?" ಎಂದರು. ಅವರ ತಪ್ಪೇನೂ ಇರಲಿಲ್ಲ. ಅವರು ಕಂಡ ಬಾರ್ ಎಂದರೆ ಬಾಗಿಲಿಗೆ ಪರದೆ, ಒಳಗೆ ಮಬ್ಬುಗತ್ತಲೆ, ಗೋಡೆಗೆ ಮುಖ ಮಾಡಿ ಕುಳಿತ ಗಂಡಸರು. ಎರಡು ವರ್ಷದ ನಂತರ ಅವರೇ ಇಲ್ಲಿಗೆ ಬಂದು, ಅದೇ ಬ್ರೂವರಿಯ ಕಿಟಕಿಯ ಪಕ್ಕ ಕುಳಿತು, ಬಿಸಿ ಬಿಸಿ ಫ್ರೈಸ್ ತಿನ್ನುತ್ತಾ ಸುತ್ತಲೂ ನೋಡಿ, "ಇದೇನೋ ನಮ್ಮ ದರ್ಶಿನಿ ಇದ್ದ ಹಾಗಿದೆ" ಎಂದರು. ಪಕ್ಕದ ಮೇಜಿನಲ್ಲಿ ಮೂರು ತಿಂಗಳ ಕೂಸು ಮಲಗಿತ್ತು. ಎದುರಿಗೆ ಒಂದು ಸಂಸಾರ ಮಗುವಿನೊಂದಿಗೆ ಬಣ್ಣದ ಕಡ್ಡಿ ಹಿಡಿದು ಚಿತ್ರ ಬರೆಯುತ್ತಿತ್ತು.

ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಕೊಲಂಬಿಯಾ ನದಿಯ ದಂಡೆಯಲ್ಲಿರುವ ಹುಡ್ ರಿವರ್, ಸುಮಾರು 8,000 ಜನರ ಊರು. ಪೋರ್ಟ್‌ಲ್ಯಾಂಡ್‌ನಿಂದ ಪೂರ್ವಕ್ಕೆ ನೂರು ಕಿಲೋಮೀಟರ್. ಹಿಲ್ಸ್‌ಬರೊ, ಬೀವರ್ಟನ್ ಕಡೆಯ ಚಿಪ್ ಮತ್ತು ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರಿಗೆ ಒಂದೂವರೆ ಗಂಟೆಯ ದಾರಿ. ಇಷ್ಟು ಚಿಕ್ಕ ಊರಿನಲ್ಲಿ ನಡೆದು ಮುಟ್ಟಬಹುದಾದ ದೂರದಲ್ಲೇ ನಾಲ್ಕು ಒಳ್ಳೆಯ ಬ್ರೂವರಿಗಳಿವೆ. 1985ರಲ್ಲಿ ಒರೆಗಾನ್ ತನ್ನ ಕಾನೂನು ಬದಲಿಸಿ, ಬಿಯರ್ ತಯಾರಿಸುವವರು ಅದೇ ಜಾಗದಲ್ಲಿ ಕುಳ್ಳಿರಿಸಿ ಬಡಿಸಬಹುದು ಎಂದಿತು. ಎರಡೇ ವರ್ಷಕ್ಕೆ, 1987ರಲ್ಲಿ, ಹುಡ್ ರಿವರ್‌ನ ಹಳೆಯ ಹಣ್ಣಿನ ಡಬ್ಬಿ ಕಾರ್ಖಾನೆಯೊಂದರಲ್ಲಿ ಫುಲ್ ಸೇಲ್ ಎಂಬ ಬ್ರೂವರಿ ಶುರುವಾಯಿತು. ಉಳಿದವರು ಆಮೇಲೆ ಬಂದರು.

ಕುಡಿಯದವರು ಇದನ್ನು ಓದಿ ಶುರು ಮಾಡಬೇಕಾಗಿಲ್ಲ. ನಮ್ಮ ಗುಂಪಿನಲ್ಲಿ ಬಿಯರ್ ಮುಟ್ಟದ ಇಬ್ಬರಿದ್ದಾರೆ, ಈ ಪ್ರಯಾಣಕ್ಕೆ ಎಲ್ಲರಿಗಿಂತ ಮೊದಲು ಚೀಲ ಕಟ್ಟುವವರು ಅವರೇ.

ಮೊದಲು ಚಾಲಕರನ್ನು ಗೊತ್ತು ಮಾಡಿ

ಯಾವ ಬ್ರೂವರಿ, ಯಾವ ಬಿಯರ್ ಎಂಬುದೆಲ್ಲ ಆಮೇಲಿನ ಮಾತು. ವಾಪಸು ಬರುವಾಗ ಸ್ಟೀರಿಂಗ್ ಹಿಡಿಯುವವರು ಯಾರು ಎಂಬುದು ಶುಕ್ರವಾರ ರಾತ್ರಿಯೇ ತೀರ್ಮಾನವಾಗಲಿ. ಅವರ ಪಾಲಿಗೆ ಆ ದಿನ ಸೊನ್ನೆ. "ಒಂದು ಗುಟುಕು ತಾನೇ", "ಊಟದ ಜೊತೆ ಅಲ್ಲವೇ" ಎಂಬ ಮಾತುಗಳಿಗೆ ಜಾಗವಿಲ್ಲ. ಈ ಪಾಳಿ ಪ್ರತಿ ಸಲವೂ ಹೆಂಡತಿಯ ಹೆಗಲಿಗೇ ಬೀಳುವ ಮನೆಗಳನ್ನು ನಾನು ನೋಡಿದ್ದೇನೆ. ಅದು ಸರಿಯಲ್ಲ. ನಮ್ಮ ಮನೆಯಲ್ಲಿ ಫ್ರಿಜ್ ಮೇಲೆ ಪಟ್ಟಿ ಅಂಟಿಸಿದ್ದೇವೆ: ಈ ಸಲ ನಾನು, ಮುಂದಿನ ಸಲ ಅವಳು.

ಭಾರತದಲ್ಲಿ ಚಾಲಕರ ರಕ್ತದಲ್ಲಿ ಮದ್ಯದ ಮಿತಿ ಶೇಕಡಾ 0.03. ಒರೆಗಾನ್‌ನಲ್ಲಿ 0.08. ಅಂಕಿ ದೊಡ್ಡದಿದೆಯೆಂದು ಸಮಾಧಾನ ಪಟ್ಟುಕೊಳ್ಳಬೇಡಿ. ಅದಕ್ಕಿಂತ ಕಡಿಮೆ ಇದ್ದರೂ, ಗಾಡಿ ಓಲಾಡುತ್ತಿತ್ತೆಂದು ಪೊಲೀಸರಿಗೆ ಕಂಡರೆ ಪ್ರಕರಣ ದಾಖಲಾಗಬಹುದು. ವೀಸಾದ ಮೇಲೆ ಇರುವವರಿಗೆ ಇನ್ನೂ ಒಂದು ಅಪಾಯವಿದೆ. ಕುಡಿದು ಗಾಡಿ ಓಡಿಸಿದ ಆರೋಪದಲ್ಲಿ ಬಂಧನವಾದರೆ ಸಾಕು, ನ್ಯಾಯಾಲಯ ತೀರ್ಪು ಕೊಡುವ ಮೊದಲೇ ಅಮೆರಿಕದ ವಿದೇಶಾಂಗ ಇಲಾಖೆ ವೀಸಾವನ್ನು ರದ್ದು ಮಾಡಬಹುದು. 2015ರಿಂದ ಈ ಪದ್ಧತಿ ಜಾರಿಯಲ್ಲಿದೆ. ಹತ್ತು ವರ್ಷ ಕಾದ ಗ್ರೀನ್ ಕಾರ್ಡ್ ಅರ್ಜಿಯನ್ನು ಒಂದು ಲೋಟ ಬಿಯರಿಗೆ ಅಡ ಇಡುವುದುಂಟೇ?

ಯಾರೂ ಗಾಡಿ ಓಡಿಸುವುದು ಬೇಡವೆಂದರೆ ಬಸ್ಸಿದೆ. ಪೋರ್ಟ್‌ಲ್ಯಾಂಡ್‌ನ ಗೇಟ್‌ವೇ ನಿಲ್ದಾಣದಿಂದ ಕೊಲಂಬಿಯಾ ಗಾರ್ಜ್ ಎಕ್ಸ್‌ಪ್ರೆಸ್ ಹೊರಟು, ಮಲ್ಟ್‌ನೋಮಾ ಜಲಪಾತದ ಮುಂದೆ ನಿಂತು, ಹುಡ್ ರಿವರ್ ತಲುಪುತ್ತದೆ. ಹಿಲ್ಸ್‌ಬರೊದಿಂದ ನೀಲಿ ಮಾರ್ಗದ ಮ್ಯಾಕ್ಸ್ ರೈಲು ಹತ್ತಿದರೆ ನಡುವೆ ಬದಲಿಸದೆ ನೇರವಾಗಿ ಗೇಟ್‌ವೇಗೆ ಬಂದಿಳಿಯಬಹುದು. ಹೊತ್ತು ಹೆಚ್ಚು ಹಿಡಿಯುತ್ತದೆ, ಆದರೆ ರೈಲು, ಬಸ್ಸು ಎರಡೂ ಸಿಕ್ಕಿದ ಸಂಭ್ರಮದಲ್ಲಿ ಮಕ್ಕಳು ತಕರಾರು ಮಾಡುವುದಿಲ್ಲ. ಸಂಜೆಯ ಕೊನೆಯ ಬಸ್ಸಿನ ಸಮಯವನ್ನು ಮಾತ್ರ ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ.

ಹೊರಡುವ ಮುನ್ನ

ಪಾಸ್‌ಪೋರ್ಟ್. ಊರಿನಿಂದ ಬಂದ ಹಿರಿಯರಿಗೆ ಇದು ವಿಚಿತ್ರವೆನಿಸುತ್ತದೆ. ಇಲ್ಲಿ ಕುಡಿಯಲು 21 ವರ್ಷ ತುಂಬಿರಬೇಕು, ವಯಸ್ಸಿಗೆ ಪುರಾವೆ ಕೇಳುವುದು ಅಂಗಡಿಯವರ ರೂಢಿ. ತಲೆ ಪೂರ್ತಿ ನರೆತ ನನ್ನ ಮಾವನವರನ್ನೂ ಒಮ್ಮೆ ಕೇಳಿದರು. "ನನ್ನ ಮೊಮ್ಮಗಳು ಇಲ್ಲೇ ನಿಂತಿದ್ದಾಳಲ್ಲ, ಇನ್ನೇನು ಪುರಾವೆ ಬೇಕಂತೆ?" ಎಂದು ಅವರು ನನ್ನನ್ನು ಕೇಳಿದರು. ಭಾರತದ ಚಾಲನಾ ಪರವಾನಗಿಯನ್ನಾಗಲಿ ಮೊಬೈಲಿನಲ್ಲಿರುವ ಪಾಸ್‌ಪೋರ್ಟ್ ಫೋಟೊವನ್ನಾಗಲಿ ನೆಚ್ಚಿಕೊಂಡು ಹೋಗಬೇಡಿ. ಮೂಲ ಪಾಸ್‌ಪೋರ್ಟ್ ಕೈಯಲ್ಲಿರಲಿ. ಒರೆಗಾನ್ ಪರವಾನಗಿ ಇರುವವರಿಗೆ ಅದೇ ಸಾಕು.

ಹೋಗಬೇಕಾದ ಹೊತ್ತು ಬಾಗಿಲು ತೆರೆಯುವ ಹೊತ್ತು. ಸಾಮಾನ್ಯವಾಗಿ ಹನ್ನೊಂದು, ಹನ್ನೊಂದೂವರೆಗೆ ತೆರೆಯುತ್ತಾರೆ. ಆಗ ಮೇಜು ಸಿಗುತ್ತದೆ, ಗದ್ದಲವಿರುವುದಿಲ್ಲ, ಬಡಿಸುವವರಿಗೆ ನಿಮ್ಮ ಪ್ರಶ್ನೆಗಳಿಗೆ ಉತ್ತರಿಸುವ ವ್ಯವಧಾನ ಇರುತ್ತದೆ. ಬೇಸಿಗೆಯ ಶನಿವಾರ ಒಂದು ಗಂಟೆಯ ಮೇಲೆ ಹೋದರೆ ಹಸಿದ ಮಗುವನ್ನು ಎತ್ತಿಕೊಂಡು ಮುಕ್ಕಾಲು ಗಂಟೆ ಕಾಯಬೇಕಾದೀತು. ಹೊರಡುವ ಹಿಂದಿನ ದಿನ ಬ್ರೂವರಿಯ ಜಾಲತಾಣದಲ್ಲಿ ಎರಡು ಸಂಗತಿ ನೋಡಿ: ಆ ದಿನ ತೆರೆದಿದೆಯೇ, ಮಕ್ಕಳಿಗೆ ಎಷ್ಟು ಗಂಟೆಯವರೆಗೆ ಪ್ರವೇಶ.

ಗಾಳಿಯ ಬಗ್ಗೆಯೂ ಹೇಳಬೇಕು. ಬೆಟ್ಟಗಳ ನಡುವಿನ ಕಣಿವೆಯಲ್ಲಿ ನದಿ ಹರಿಯುವುದರಿಂದ ಬೇಸಿಗೆಯ ಮಧ್ಯಾಹ್ನ ಗಾಳಿ ಜೋರು. ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ನೀರಿನಲ್ಲಿ ಹಾರುವ ಆಟಗಾರರು ಇದಕ್ಕಾಗಿಯೇ ದೇಶದೇಶಗಳಿಂದ ಬರುತ್ತಾರೆ. ಪೋರ್ಟ್‌ಲ್ಯಾಂಡ್‌ನಲ್ಲಿ ಸೆಖೆ ಇದೆಯೆಂದು ತೆಳು ಅಂಗಿಯಲ್ಲಿ ಮಗುವನ್ನು ಕರೆತಂದರೆ ಇಲ್ಲಿ ನಡುಗುತ್ತದೆ. ಎಲ್ಲರಿಗೂ ಒಂದೊಂದು ಸ್ವೆಟರ್ ಇರಲಿ.

ಯಾವ ಬ್ರೂವರಿ?

ಹೆದ್ದಾರಿ 84ರಲ್ಲಿ 63ನೇ ತಿರುವಿನಲ್ಲಿ ಇಳಿಯಿರಿ. ಎಡಕ್ಕೆ, ಎಂದರೆ ಉತ್ತರಕ್ಕೆ, ನದಿಯ ದಂಡೆ. ಬಲಕ್ಕೆ ಹಳೆಯ ಪೇಟೆ.

ಚಿಕ್ಕ ಮಕ್ಕಳಿದ್ದರೆ ಕಣ್ಣು ಮುಚ್ಚಿ ನದಿಯ ಕಡೆಗೆ ಹೋಗಿ. 2012ರಲ್ಲಿ ಶುರುವಾದ ಫ್ರೀಮ್ ಅಲ್ಲಿದೆ. ಹೆಸರಿನ ಮೊದಲಲ್ಲಿ 'ಪಿ' ಅಕ್ಷರವಿದ್ದರೂ ಅದನ್ನು ಉಚ್ಚರಿಸುವುದಿಲ್ಲ. ಬೆಲ್ಜಿಯಂ, ಜರ್ಮನಿಯ ಹಳೆಯ ಬಗೆಗಳನ್ನು ಶ್ರದ್ಧೆಯಿಂದ ಮಾಡುತ್ತಾರೆ, ಅವರ ಪಿಲ್ಸ್‌ನರ್ ಎಂಬ ತಿಳಿ ಬಿಯರಿಗೆ ಒಳ್ಳೆಯ ಹೆಸರಿದೆ. ಆದರೆ ನಾನು ಇದನ್ನು ಮೊದಲು ಹೇಳಲು ಕಾರಣ ಎದುರಿಗಿರುವ ಉದ್ಯಾನ. ರಸ್ತೆ ದಾಟಿದರೆ ಮಕ್ಕಳ ಆಟದ ಜಾಗ, ಹುಲ್ಲು, ಕಾಲು ಇಳಿಬಿಡಲು ಮರಳಿನ ದಂಡೆ. ಒಬ್ಬರು ಬಿಯರ್ ಹಿಡಿದು ಕುಳಿತರೆ ಇನ್ನೊಬ್ಬರು ಜಾರುಬಂಡಿಯ ಪಕ್ಕ ನಿಲ್ಲಬಹುದು. ಅದೇ ರಸ್ತೆಯಲ್ಲಿ ಮುಂದೆ ಫರ್ಮೆಂಟ್ ಇದೆ.

ಪೇಟೆಯ ಕಡೆ ಡಬಲ್ ಮೌಂಟನ್, 2007ರದು. ಇಟ್ಟಿಗೆ ಒಲೆಯಲ್ಲಿ ಬೇಯಿಸಿದ ಪಿಜ್ಜಾ ಸಿಗುವುದರಿಂದ ಸಸ್ಯಾಹಾರಿಗಳಿಗೆ ಇದೇ ಸಲೀಸು. ಈ ಕಣಿವೆಯ ಚೆರ್ರಿ ಹಾಕಿ ಹುಳಿ ಬಿಯರ್ ಕೂಡ ಮಾಡುತ್ತಾರೆ. ಹಿರಿಯಣ್ಣ ಫುಲ್ ಸೇಲ್ ಇರುವುದು ಇನ್ನೂ ಆ ಹಳೆಯ ಹಣ್ಣಿನ ಕಾರ್ಖಾನೆಯಲ್ಲೇ, ಅಲ್ಲಿಂದ ನದಿ ಚೆನ್ನಾಗಿ ಕಾಣುತ್ತದೆ.

ನಾಲ್ಕನ್ನೂ ಒಂದೇ ದಿನ ಮುಗಿಸುವ ಹಟ ಬೇಡ. ಒಂದು ಸಲಕ್ಕೆ ಒಂದು, ಹೆಚ್ಚೆಂದರೆ ಎರಡು.

ಬಾಗಿಲಿನಿಂದ ಮೇಜಿನವರೆಗೆ

ಒಳಗೆ ಹೋಗುವಾಗ ಬಾಗಿಲ ಬಳಿಯ ಫಲಕ ಓದಿ. ಒರೆಗಾನ್‌ನಲ್ಲಿ ಅಪ್ರಾಪ್ತರಿಗೆ ಎಲ್ಲಿ ಪ್ರವೇಶ, ಎಲ್ಲಿ ಇಲ್ಲ ಎಂಬುದನ್ನು ಹೀಗೆ ಬರೆದು ತೂಗುಹಾಕಿರುತ್ತಾರೆ. ಕೆಲವು ಕಡೆ ಊಟದ ಮೇಜುಗಳ ಬಳಿ ಮಕ್ಕಳಿರಬಹುದು, ಬಾರ್ ಕಟ್ಟೆಯ ಹತ್ತಿರ ಕೂಡದು.

ಕುಳಿತ ಕೂಡಲೇ ಊಟ ಹೇಳಿ, ಬಿಯರ್ ಆಮೇಲೆ. ಮಕ್ಕಳ ತಟ್ಟೆ ಮೊದಲು ಬರಲೆಂದು ಕೇಳಿಕೊಂಡರೆ ಬೇಸರಿಸದೆ ತರುತ್ತಾರೆ. ಖಾಲಿ ಹೊಟ್ಟೆಯಲ್ಲಿ ರುಚಿಯೂ ಸರಿಯಾಗಿ ತಿಳಿಯುವುದಿಲ್ಲ, ತಲೆಗೂ ಬೇಗ ಏರುತ್ತದೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಎರಡು ಪ್ರಶ್ನೆ ಕೇಳಲೇಬೇಕು: ಫ್ರೈಸ್ ಕರಿಯುವ ಎಣ್ಣೆಯಲ್ಲೇ ಕೋಳಿ, ಮೀನು ಕರಿಯುತ್ತಾರೆಯೇ? ಸೂಪಿನ ಸಾರು ಮಾಂಸದ್ದೇ? ಬಿಯರನ್ನು ತಿಳಿಯಾಗಿಸಲು ಮೀನಿನ ಗಾಳಿಚೀಲದಿಂದ ತೆಗೆದ ಅಂಟನ್ನು ಬಳಸುವ ಹಳೆಯ ಪದ್ಧತಿಯೂ ಉಂಟು. ಅದರ ಬಗ್ಗೆ ಕೇಳಿದರೆ ಯಾರೂ ನಗುವುದಿಲ್ಲ, ತಯಾರಿಸುವವರಿಗೆ ಇಂಥ ಪ್ರಶ್ನೆ ಇಷ್ಟ. ಮಿಲ್ಕ್ ಸ್ಟೌಟ್ ಎಂಬ ಕಪ್ಪು ಬಿಯರಿನಲ್ಲಿ ಹಾಲಿನ ಸಕ್ಕರೆ ಇರುತ್ತದೆ, ಹಾಲು ಒಗ್ಗದವರು ಗಮನಿಸಿ.

ಇನ್ನು ಫ್ಲೈಟ್. ಹಲಗೆಯ ಮೇಲೆ ನಾಲ್ಕೈದು ಪುಟ್ಟ ಲೋಟಗಳನ್ನು ಸಾಲಾಗಿ ಇಟ್ಟು ತರುವುದಕ್ಕೆ ಈ ಹೆಸರು. ನೋಡಲು ಬೊಂಬೆ ಹಬ್ಬದ ಪಾತ್ರೆಗಳಂತೆ ಮುದ್ದಾಗಿರುತ್ತವೆ. ಮೋಸ ಇರುವುದೂ ಅಲ್ಲೇ. ಒಂದೊಂದರಲ್ಲಿ ನಾಲ್ಕು ಔನ್ಸ್, ಎಂದರೆ 118 ಮಿಲಿಲೀಟರ್ ಎಂದಿಟ್ಟುಕೊಳ್ಳಿ. ಐದು ಸೇರಿದರೆ 590. ಅಮೆರಿಕದ ಒಂದು ಪೈಂಟ್ ಲೋಟ ಹಿಡಿಯುವುದು 473 ಮಾತ್ರ. ಒಂದು ಫ್ಲೈಟ್ ಭಾರತದಲ್ಲಿ ಸಿಗುವ 650ರ ದೊಡ್ಡ ಬಾಟಲಿಗೆ ಹತ್ತಿರ ಹತ್ತಿರ ಬಂತು. ಆ ಐದರ ಸರಾಸರಿ ಮದ್ಯಾಂಶ ಶೇಕಡಾ 6 ಇದ್ದರೆ ಒಟ್ಟು 28 ಗ್ರಾಂ ಶುದ್ಧ ಆಲ್ಕೋಹಾಲ್. ಇಲ್ಲಿನ ಲೆಕ್ಕದಲ್ಲಿ 14 ಗ್ರಾಂ ಎಂದರೆ ಒಂದು ಪೂರ್ತಿ ಪಾನೀಯ, ಅದನ್ನು ಕರಗಿಸಲು ದೇಹಕ್ಕೆ ಸರಿಸುಮಾರು ಒಂದು ಗಂಟೆ ಬೇಕು. ಆದ್ದರಿಂದ ಇಬ್ಬರಿಗೆ ಒಂದು ಫ್ಲೈಟ್ ಹೇಳಿ. ಮೂವರಿದ್ದರೂ ಒಂದೇ ಸಾಕು.

ಒರೆಗಾನ್‌ನಲ್ಲಿ ಮಾರಾಟ ತೆರಿಗೆ ಇಲ್ಲ, ಪಟ್ಟಿಯಲ್ಲಿದ್ದ ಬೆಲೆಯೇ ಬಿಲ್ಲಿನಲ್ಲಿ. ಮೇಜಿಗೆ ಬಂದು ಬಡಿಸಿದರೆ ಶೇಕಡಾ 18ರಿಂದ 20 ಟಿಪ್ಸ್ ಕೊಡುವುದು ವಾಡಿಕೆ.

ರುಚಿ ನೋಡುವುದು

ಬಿಯರ್ ಎಂದರೆ ನಾಲ್ಕೇ ಪದಾರ್ಥ: ನೀರು, ಮಾಲ್ಟ್, ಕಹಿ ಮತ್ತು ಘಮ ಕೊಡುವ ಹಾಪ್ಸ್ ಹೂ, ಹುದುಗು ಬರಿಸುವ ಯೀಸ್ಟ್. ಮಾಲ್ಟ್ ನಮಗೆ ಹೊಸದಲ್ಲ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹುರಿದು ಬೀಸುತ್ತೇವಲ್ಲ, ಬಾರ್ಲಿಗೆ ಅದನ್ನೇ ಮಾಡಿದರೆ ಬಿಯರಿನ ಮಾಲ್ಟ್. ಮೊಳಕೆಯಲ್ಲಿ ಹುಟ್ಟುವ ಕಿಣ್ವಗಳು ಕಾಳಿನ ಹಿಟ್ಟನ್ನು ಸಕ್ಕರೆಯಾಗಿಸುತ್ತವೆ. ಬ್ರೂವರಿಯಲ್ಲಿ ಆ ನುಚ್ಚನ್ನು ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿಡುತ್ತಾರೆ. ನೀವು ಹೋದ ದಿನ ಆ ಕೆಲಸ ನಡೆದಿದ್ದರೆ ಒಳಗೆಲ್ಲ ಗಂಜಿ ಕಾಯಿಸಿದ ವಾಸನೆ. ನನ್ನ ಅಮ್ಮ ಮೂಗರಳಿಸಿ, "ಯಾರೋ ಅಂಬಲಿ ಇಟ್ಟಿದ್ದಾರೆ" ಎಂದದ್ದು ನೂರಕ್ಕೆ ನೂರು ಸರಿಯಾಗಿತ್ತು. ಆ ಸಿಹಿ ನೀರನ್ನು ಸೋಸಿ, ಕುದಿಸಿ, ಹಾಪ್ಸ್ ಹೂ ಹಾಕಿ, ತಣಿಸಿ, ಯೀಸ್ಟ್ ಬೆರೆಸಿ ಹುದುಗಲು ಬಿಡುತ್ತಾರೆ. ಉಳಿದ ಚರಟ ಸಾಮಾನ್ಯವಾಗಿ ದನಗಳ ಮೇವಿಗೆ ಹೋಗುತ್ತದೆ.

ತಿಳಿಯಾದದ್ದರಿಂದ ಶುರು ಮಾಡಿ ಗಾಢವಾದದ್ದರ ಕಡೆಗೆ ಸಾಗಿ, ಕಡಿಮೆ ಕಹಿಯಿಂದ ಹೆಚ್ಚು ಕಹಿಗೆ. ಖಾರದ ಸಾರು ಉಂಡ ಮೇಲೆ ಪಾಯಸದ ಏಲಕ್ಕಿ ತಿಳಿಯುವುದಿಲ್ಲ, ಹಾಗೆಯೇ. ಮೊದಲು ಪಿಲ್ಸ್‌ನರ್. ಇದರಲ್ಲಿ ತಪ್ಪು ಮುಚ್ಚಿಡಲು ಏನೂ ಇರುವುದಿಲ್ಲ, ಆದ್ದರಿಂದ ಒಂದು ಬ್ರೂವರಿಯ ಕೈಗುಣ ತಿಳಿಯಲು ನಾನು ನಂಬುವುದು ಇದನ್ನೇ. ಆಮೇಲೆ ಗೋಧಿ ಬಿಯರ್. ಜರ್ಮನ್ ಬಗೆಯದಾದರೆ ಮಾಗಿದ ಬಾಳೆಹಣ್ಣು, ಲವಂಗದ ಪರಿಮಳ ಬರುತ್ತದೆ. ಬಾಳೆಹಣ್ಣನ್ನಾಗಲಿ ಲವಂಗವನ್ನಾಗಲಿ ಯಾರೂ ಹಾಕಿಲ್ಲ, ಅದು ಯೀಸ್ಟಿನ ಕರಾಮತ್ತು. ಬೆಲ್ಜಿಯಂ ಬಗೆಯ ವಿಟ್ ಬಿಯರಿಗೆ ಮಾತ್ರ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆಯನ್ನು ನಿಜವಾಗಿಯೂ ಹಾಕುತ್ತಾರೆ. ಇದನ್ನು ಕಂಡುಹಿಡಿಯಲು ನಮ್ಮ ಮೂಗಿಗಿಂತ ಪಳಗಿದ ಮೂಗು ಬೇಕೇ?

ಮೂರನೆಯದು ಐಪಿಎ, ಎಂದರೆ ಇಂಡಿಯಾ ಪೇಲ್ ಏಲ್ ಎಂಬ ಕಹಿ ಬಿಯರ್. ಇಲ್ಲಿ ಹಾಪ್ಸ್ ಮುಂದಾಳು. ಅಮೆರಿಕದ ಹಾಪ್ಸ್‌ನಲ್ಲಿ ಹೆಚ್ಚಿನ ಪಾಲು ಬೆಳೆಯುವುದು ನದಿಯಾಚೆ ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಲ್ಲಿ. ಚಿಕ್ಕ ಬ್ರೂವರಿಗಳ ಕ್ರಾಫ್ಟ್ ಬಿಯರಿಗೆ ಹೊಸ ದಾರಿ ತೋರಿದ ಕ್ಯಾಸ್ಕೇಡ್ ಎಂಬ ತಳಿ 1972ರಲ್ಲಿ ಹೊರಬಂದದ್ದು ಒರೆಗಾನ್‌ನ ಕೊರ್ವಾಲಿಸ್‌ನ ಸಂಶೋಧನೆಯಿಂದ. ಅದರ ಘಮವನ್ನು ಇಲ್ಲಿನವರು ಗ್ರೇಪ್‌ಫ್ರೂಟ್ ಎನ್ನುತ್ತಾರೆ. ಚಕ್ಕೋತದ ಸಿಪ್ಪೆ ಸುಲಿಯುವಾಗ ಬೆರಳಿಗೆ ಹತ್ತುವ ವಾಸನೆ ನೆನಪಿಸಿಕೊಳ್ಳಿ, ಅದೇ. ಪಟ್ಟಿಯಲ್ಲಿ ಐಬಿಯು ಎಂಬ ಅಂಕಿ ಇದ್ದರೆ ಅದು ಕಹಿಯ ಅಳತೆ. ಹದಿನೈದು ಇಪ್ಪತ್ತು ಎಂದರೆ ಸೌಮ್ಯ, ಅರವತ್ತು ದಾಟಿದರೆ ಹಾಗಲಕಾಯಿ ಇಷ್ಟಪಡುವವರಿಗೆ ಸರಿ.

ಕೊನೆಗೆ ಸ್ಟೌಟ್. ಕಪ್ಪಾಗುವಷ್ಟು ಹುರಿದ ಬಾರ್ಲಿಯಿಂದ ಗಟ್ಟಿ ಡಿಕಾಕ್ಷನ್ನಿನ ರುಚಿ ಬರುತ್ತದೆ. ಫಿಲ್ಟರ್ ಕಾಫಿಯ ಮನೆಗಳಲ್ಲಿ ಬೆಳೆದವರು ಹೆಚ್ಚಾಗಿ ಸೋಲುವುದು ಇದಕ್ಕೆ. ಹುಳಿ ಬಿಯರ್ ಇದ್ದರೆ ಪ್ರತ್ಯೇಕವಾಗಿ, ನೀರು ಕುಡಿದು ಬಾಯಿ ತೊಳೆದುಕೊಂಡು ನೋಡಿ. ಅದಕ್ಕೆ ಹುಳಿ ಕೊಡುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾದ ಬಳಗವೇ ರಾತ್ರಿಯಿಡೀ ನಿಮ್ಮ ದೋಸೆ ಹಿಟ್ಟನ್ನೂ ಹುಳಿ ಬರಿಸುವುದು.

ಪ್ರತಿ ಲೋಟವನ್ನೂ ಮೊದಲು ಬೆಳಕಿಗೆ ಹಿಡಿದು ನೋಡಿ, ಒಮ್ಮೆ ಆಡಿಸಿ ಮೂಸಿ, ಆಮೇಲೆ ಗುಟುಕು. ವೈನಿನಂತೆ ಉಗುಳುವುದಿಲ್ಲ. ಬಿಯರಿನ ಕಹಿ ಪೂರ್ತಿ ತಿಳಿಯುವುದು ನುಂಗಿದ ಮೇಲೆ. ಒಂದು ಬಿಯರಿಗೂ ಇನ್ನೊಂದಕ್ಕೂ ನಡುವೆ ನೀರು. ಇಷ್ಟವಾಗದಿದ್ದರೆ ಲೋಟದಲ್ಲೇ ಬಿಡಿ. ದುಡ್ಡು ಕೊಟ್ಟಿದ್ದೇವೆಂದು ಮುಗಿಸುವ ನಮ್ಮ ಚಾಳಿಯನ್ನು ಇಲ್ಲಿ ಕೈಬಿಡಬೇಕು. ರುಚಿಗೆ ಇಂಗ್ಲಿಷ್ ಹೆಸರುಗಳನ್ನೂ ಹುಡುಕಬೇಡಿ. ಒಗರು ಎಂಬ ಪದ ಇದ್ದವರಿಗೆ ಅರ್ಧ ಕೆಲಸ ಮುಗಿದಂತೆ. ಹುರಿಗಡಲೆ, ಜೋನಿ ಬೆಲ್ಲ, ಮಾವಿನ ಸೊನೆ ಎಂದು ಮೇಜಿನ ಸುತ್ತ ಒಬ್ಬೊಬ್ಬರೂ ಹೇಳುತ್ತಾ ಹೋದರೆ ಮಜವೇ ಬೇರೆ. ಲೋಟ ಮುಟ್ಟದ ಅಜ್ಜಿಯೂ ಮೂಸಿ ನೋಡಿ ಈ ಆಟಕ್ಕೆ ಸೇರಬಹುದು.

ಮಕ್ಕಳ ಕೈಗೆ ಏನು?

ರೂಟ್ ಬಿಯರ್. ಹೆಸರು ಕೇಳಿ ಗಾಬರಿಯಾಗಬೇಡಿ, ಅದರಲ್ಲಿ ಮದ್ಯ ಇಲ್ಲ. ನನ್ನಾರಿ ಶರಬತ್ತಿನ ದೂರದ ನೆಂಟನಂತಿರುವ ಸೋಡಾ. ಆದರೆ 'ಹಾರ್ಡ್' ಎಂದರೆ ಮದ್ಯ ಇದೆ ಎಂದರ್ಥ, ಆ ಪದ ಹೊತ್ತ ಯಾವುದೂ ಮಕ್ಕಳಿಗಲ್ಲ, ಅದು ಹಾರ್ಡ್ ಸೆಲ್ಟ್ಜರ್ ಆಗಲಿ, ಹಾರ್ಡ್ ಕೊಂಬುಚ ಆಗಲಿ. ಹಾರ್ಡ್ ರೂಟ್ ಬಿಯರ್ ಕೂಡ ಉಂಟು. ಇನ್ನು ಸೈಡರ್ ಎಂದರೆ ಇಲ್ಲಿ ಕೆಲವೊಮ್ಮೆ ಬರೀ ಸೇಬಿನ ರಸ, ಕೆಲವೊಮ್ಮೆ ಮದ್ಯ. ಕೇಳಿಯೇ ತರಿಸಿ. ನಿಮ್ಮ ಲೋಟದಿಂದ ಮಗುವಿಗೆ ಒಂದು ಹನಿ ರುಚಿ ತೋರಿಸುವ ತಮಾಷೆ ಬೇಡ, ಬ್ರೂವರಿಯಲ್ಲಿ ಅದು ಕಾನೂನಿಗೆ ವಿರುದ್ಧ.

ಬ್ರೂವರಿ ಮೂಲತಃ ಕಾರ್ಖಾನೆ. ಒದ್ದೆ ನೆಲ, ಬಿಸಿ ಕೊಳವೆ, ರಾಸಾಯನಿಕದ ಡಬ್ಬಿಗಳಿರುತ್ತವೆ. ಒಳಗೆ ಸುತ್ತಾಡಿಸುವ ವ್ಯವಸ್ಥೆ ಇದ್ದರೆ ಬೆರಳು ಮುಚ್ಚುವ ಶೂ ಹಾಕಿರಬೇಕು, ಮಕ್ಕಳಿಗೆ ವಯಸ್ಸಿನ ಮಿತಿಯೂ ಇರಬಹುದು. ಮೇಜುಗಳ ನಡುವೆ ಅವರನ್ನು ಓಡಾಡಲು ಬಿಟ್ಟು ಮೊಬೈಲ್ ನೋಡುತ್ತಾ ಕೂರುವ ತಂದೆತಾಯಿಯರಿಂದಲೇ ಕೆಲವು ಬ್ರೂವರಿಗಳು ಮಕ್ಕಳ ಪ್ರವೇಶವನ್ನು ಬಿಗಿ ಮಾಡಿವೆ. ನಮ್ಮ ಅನುಭವದಲ್ಲಿ ನಾಲ್ಕು ವರ್ಷದ ಮಗುವಿನ ತಾಳ್ಮೆ ಒಳಗೆ ಒಂದೂವರೆ ಗಂಟೆ. ಅದು ಮುಗಿಯುವ ಮೊದಲೇ ಎದ್ದುಬಿಡಿ, ಲೋಟದಲ್ಲಿ ಇನ್ನೂ ಬಿಯರ್ ಇದ್ದರೂ.

ಮಧ್ಯಾಹ್ನದ ಮೇಲೆ

ಊರಿನ ಹಿಂದಿನ ಕಣಿವೆ ತುಂಬ ಪೇರ್, ಸೇಬು, ಚೆರ್ರಿ ತೋಟಗಳು. ಫ್ರೂಟ್ ಲೂಪ್ ಎಂಬ 35 ಮೈಲಿಯ ದಾರಿ ಅವುಗಳ ನಡುವೆ ಸುತ್ತಿ ಬರುತ್ತದೆ, ತುದಿಯಲ್ಲಿ ಹಿಮ ಹೊತ್ತ ಮೌಂಟ್ ಹುಡ್. ಜುಲೈನಲ್ಲಿ ಚೆರ್ರಿ, ಸೆಪ್ಟೆಂಬರ್ ನಂತರ ಸೇಬು, ಪೇರ್ ಕೈಯಾರೆ ಕಿತ್ತು ತೂಕ ಹಾಕಿಸಬಹುದು. ವಿಮಾನದ ಹುಚ್ಚಿರುವ ಮಕ್ಕಳಿದ್ದರೆ ಹಳೆಯ ವಿಮಾನ ಮತ್ತು ಕಾರುಗಳ ವಸ್ತುಸಂಗ್ರಹಾಲಯಕ್ಕೆ ಹೋಗಿ. ತಿಂಗಳ ಎರಡನೇ ಶನಿವಾರ ಅಲ್ಲಿ ಕೆಲವನ್ನು ಹೊರಗೆ ತಂದು ಚಾಲೂ ಮಾಡುತ್ತಾರೆ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಕೊನೆಯ ವಾರವೇ ಸರಿ: ತೋಟದಲ್ಲಿ ಹಣ್ಣು, ಬ್ರೂವರಿಯಲ್ಲಿ ಒಣಗಿಸದ ಹಸಿ ಹಾಪ್ಸ್ ಹಾಕಿದ ಬಿಯರ್. ಕೊಯ್ದ ಒಂದು ದಿನದೊಳಗೆ ಹಂಡೆಗೆ ಬೀಳಬೇಕಾದ ಹೂ ಅದು, ಆದ್ದರಿಂದ ವರ್ಷಕ್ಕೆ ಕೆಲವೇ ವಾರ ಸಿಗುತ್ತದೆ.

ಮನೆಗೆ ಒಯ್ಯುವುದಿದ್ದರೆ

ಇಷ್ಟವಾದ ಬಿಯರನ್ನು ಡಬ್ಬಿಯಲ್ಲೋ ಬಾಟಲಿಯಲ್ಲೋ ಕೊಳ್ಳಬಹುದು, ಗ್ರೌಲರ್ ಎಂಬ 64 ಔನ್ಸಿನ ಜಾಡಿಯಲ್ಲಿ ತುಂಬಿಸಿಕೊಳ್ಳಲೂಬಹುದು. ಜಾಡಿಯ ಮುಚ್ಚಳ ತೆಗೆದರೆ ಒಂದೆರಡು ದಿನದಲ್ಲಿ ಗ್ಯಾಸು ಹೋಗಿ ಸಪ್ಪೆಯಾಗುತ್ತದೆ, ಆದ್ದರಿಂದ ಇಬ್ಬರೇ ಇರುವ ಮನೆಗೆ ಡಬ್ಬಿಯೇ ವಾಸಿ. ಡಬ್ಬಿಯ ತಳದಲ್ಲಿರುವ ತಾರೀಖು ನೋಡಿ ಕೊಳ್ಳಿ. ಐಪಿಎ ಹಳೆಯದಾದಷ್ಟೂ ಘಮ ಕಳೆದುಕೊಳ್ಳುತ್ತದೆ. ಐಸ್ ಹಾಕಿದ ಪೆಟ್ಟಿಗೆಯಲ್ಲಿಟ್ಟು ಕಾರಿನ ಡಿಕ್ಕಿಯಲ್ಲಿಡಿ. ಮುಚ್ಚಳ ತೆರೆದ ಮದ್ಯ ಸೀಟಿನ ಬಳಿ ಇರುವುದು ಇಲ್ಲಿ ಅಪರಾಧ, ಕುಡಿಯುತ್ತಿರುವವರು ಹಿಂದಿನ ಸೀಟಿನಲ್ಲಿದ್ದರೂ ಸರಿಯೇ.

ಖಾಲಿ ಡಬ್ಬಿಗಳನ್ನು ಕಸಕ್ಕೆ ಹಾಕಬೇಡಿ. ಕೊಳ್ಳುವಾಗ ಒಂದಕ್ಕೆ ಹತ್ತು ಸೆಂಟಿನಂತೆ ಠೇವಣಿ ಕೊಟ್ಟಿರುತ್ತೀರಿ, ದೊಡ್ಡ ದಿನಸಿ ಅಂಗಡಿಗಳ ಯಂತ್ರಕ್ಕೆ ಹಾಕಿದರೆ ಅದು ವಾಪಸು ಬರುತ್ತದೆ. ನಮ್ಮ ಮನೆಯಲ್ಲಿ ಆ ಖಾತೆ ಮಗಳದು. ಮುಂದಿನ ಪ್ರಯಾಣದ ರೂಟ್ ಬಿಯರಿಗೆ ಇನ್ನೂ ಎಷ್ಟು ಡಬ್ಬಿ ಬೇಕೆಂದು ಅವಳು ಎಣಿಸುತ್ತಲೇ ಇರುತ್ತಾಳೆ.